ಮಧ್ಯಪದದ ಮಹಿಮೆ

ಬೀಜಗಣಿತದ ಬಾಗಿಲಿನಲ್ಲಿ ಕಾಲಿರಿಸಿದ ವಿದ್ಯಾರ್ಥಿಗೆ ಮೊದಮೊದಲು ಎದುರಾಗುವ ಸೂತ್ರಗಳಲ್ಲಿ ದ್ವಿಪದದ ವರ್ಗವೂ ಒಂದು. ಅ ಮತ್ತು ಬ ಎಂಬ ಎರಡು ಪರಿಮಾಣಗಳನ್ನು ಕೂಡಿಸಿ, ಬಂದ ಮೊತ್ತವನ್ನು ಅದರಿಂದಲೇ ಗುಣಿಸಿದರೆ ದೊರೆಯುವ ಫಲ ಹೀಗಿದೆ:

(ಅ + ಬ)² = ಅ² + 2ಅಬ + ಬ²

ಒಂದೇ ಸಾಲಿನ ಈ ಸೂತ್ರವನ್ನು ಕಂಠಪಾಠ ಮಾಡದ ವಿದ್ಯಾರ್ಥಿಯಿಲ್ಲ. ಆದರೂ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವರಿಗೆ ವರ್ಷವರ್ಷವೂ ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣಸಿಗುತ್ತದೆ. (ಅ + ಬ)² ಎಂಬುದರ ಮುಂದೆ ಅ² + ಬ² ಎಂದು ಬರೆದು ವಿದ್ಯಾರ್ಥಿ ನಿಶ್ಚಿಂತನಾಗಿ ಮುಂದಿನ ಸಾಲಿಗೆ ಹೋಗಿಬಿಡುತ್ತಾನೆ. ಮಧ್ಯದಲ್ಲಿದ್ದ 2ಅಬ ಎಂಬ ಪದ ಸದ್ದಿಲ್ಲದೆ ಮಾಯವಾಗಿರುತ್ತದೆ. ಹೀಗೆ ಮರೆತುಹೋಗುವ ಈ ಮಧ್ಯಪದದ ಯೋಗ್ಯತೆಯೇನು, ಅದನ್ನು ಬಿಟ್ಟರೆ ಆಗುವ ನಷ್ಟವೆಷ್ಟು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ತಪ್ಪು ಎಲ್ಲಿ ಹುಟ್ಟುತ್ತದೆ?

ಈ ತಪ್ಪಿಗೆ ಅಜಾಗರೂಕತೆಯೊಂದೇ ಕಾರಣವಲ್ಲ. ಎರಡು ಸಂಖ್ಯೆಗಳ ಮೊತ್ತವನ್ನು ಇಮ್ಮಡಿ ಮಾಡಬೇಕಾದರೆ, ಒಂದೊಂದನ್ನೂ ಬೇರೆಬೇರೆಯಾಗಿ ಇಮ್ಮಡಿಸಿ ಆಮೇಲೆ ಕೂಡಿಸಬಹುದು. 2(ಅ + ಬ) ಎಂದರೆ 2ಅ + 2ಬ. ಅರ್ಧ ಮಾಡುವಾಗಲೂ, ಹತ್ತುಮಡಿ ಮಾಡುವಾಗಲೂ ಇದೇ ನಿಯಮ ನಡೆಯುತ್ತದೆ. ಸಂತೆಯಲ್ಲಿ ತೊಗರಿಗೂ ಕಡಲೆಗೂ ಬೆಲೆ ಇಮ್ಮಡಿಯಾದರೆ ಒಟ್ಟು ಬಿಲ್ಲೂ ಇಮ್ಮಡಿಯೇ. ಈ ಅಭ್ಯಾಸದ ಬಲದಿಂದ ಮನಸ್ಸು ವರ್ಗಕ್ಕೂ ಅದೇ ನಿಯಮವನ್ನು ಅನ್ವಯಿಸುತ್ತದೆ. ಆದರೆ ಇಮ್ಮಡಿ ಮಾಡುವುದೆಂದರೆ ಹೊರಗಿನ ಒಂದು ಸಂಖ್ಯೆಯಿಂದ ಗುಣಿಸುವುದು; ವರ್ಗ ಮಾಡುವುದೆಂದರೆ ಪರಿಮಾಣವನ್ನು ಅದರಿಂದಲೇ ಗುಣಿಸುವುದು. (ಅ + ಬ) ಎಂಬುದು (ಅ + ಬ) ಎಂಬುದನ್ನು ಸಂಧಿಸಿದಾಗ ಅ ತನ್ನನ್ನು ತಾನೇ ಸಂಧಿಸುವುದಲ್ಲದೆ ಬ ಎಂಬುದನ್ನೂ ಸಂಧಿಸುತ್ತದೆ. ಬ ಕೂಡ ತಿರುಗಿ ಅ ಎಂಬುದನ್ನು ಸಂಧಿಸುತ್ತದೆ. ಈ ಎರಡು ಪರಸ್ಪರ ಭೇಟಿಗಳ ಫಲವೇ 2ಅಬ.

ನೆಲದ ಮೇಲಿನ ಲೆಕ್ಕ

ಹುಮನಾಬಾದಿನ ಸುತ್ತಮುತ್ತಣ ರೈತನಿಗೆ ಎಕರೆ, ಗುಂಟೆಗಳ ಪರಿಚಯ ಹೇಳಿಕೊಡಬೇಕಾದುದಿಲ್ಲ. ಭುಜವೊಂದಕ್ಕೆ 33 ಅಡಿಯಿರುವ ಚೌಕದ ವಿಸ್ತೀರ್ಣವೇ ಒಂದು ಗುಂಟೆ; ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಒಂದು ಗುಂಟೆಗೆ ಎಷ್ಟು ಚದರ ಅಡಿ? 33 ಎಂಬುದನ್ನು 30 + 3 ಎಂದು ಒಡೆಯೋಣ. 30ರ ವರ್ಗ 900. 3ರ ವರ್ಗ 9. 30 ಮತ್ತು 3ರ ಗುಣಲಬ್ಧ 90, ಅದರ ಇಮ್ಮಡಿ 180. ಎಲ್ಲವನ್ನೂ ಕೂಡಿಸಿದರೆ 1,089 ಚದರ ಅಡಿ.

ಇದನ್ನು ನೆಲದ ಮೇಲೆಯೇ ಗೆರೆ ಎಳೆದು ನೋಡಬಹುದು. 33 ಅಡಿ ಭುಜದ ಚೌಕದೊಳಗೆ ಒಂದು ಮೂಲೆಯಿಂದ ಆರಂಭಿಸಿ 30 ಅಡಿ ಭುಜದ ಚೌಕವನ್ನು ಗುರುತಿಸಿರಿ. ಉಳಿದ ನೆಲ ಯಾವ ಆಕಾರದಲ್ಲಿದೆ? ಒಂದು ಮಗ್ಗುಲಿನಲ್ಲಿ 30 ಅಡಿ ಉದ್ದ, 3 ಅಡಿ ಅಗಲದ ಒಂದು ಪಟ್ಟಿ. ಅದಕ್ಕೆ ಹೊಂದಿಕೊಂಡ ಇನ್ನೊಂದು ಮಗ್ಗುಲಿನಲ್ಲಿ ಅಷ್ಟೇ ಅಳತೆಯ ಮತ್ತೊಂದು ಪಟ್ಟಿ. ಎರಡು ಪಟ್ಟಿಗಳೂ ಕೂಡುವ ಮೂಲೆಯಲ್ಲಿ 3 ಅಡಿ ಭುಜದ ಒಂದು ಪುಟ್ಟ ಚೌಕ. ದೊಡ್ಡ ಚೌಕ ಅ², ಪುಟ್ಟ ಚೌಕ ಬ², ಎರಡು ಪಟ್ಟಿಗಳು ಸೇರಿ 2ಅಬ. ಗ್ರೀಸಿನ ಯೂಕ್ಲಿಡನು ತನ್ನ ರೇಖಾಗಣಿತ ಗ್ರಂಥದ ಎರಡನೆಯ ಭಾಗದಲ್ಲಿ ಈ ಸೂತ್ರವನ್ನು ತೋರಿಸಿರುವುದು ಇಂಥ ಚಿತ್ರದಿಂದಲೇ.

ಈಗ ಮಧ್ಯಪದವನ್ನು ಮರೆತವನ ಲೆಕ್ಕವನ್ನು ನೋಡಿರಿ. ಅವನು ಒಂದು ಗುಂಟೆಗೆ 909 ಚದರ ಅಡಿ ಎನ್ನುತ್ತಾನೆ. ಕಳೆದುಹೋದ 180 ಚದರ ಅಡಿಯೆಂದರೆ 15 ಅಡಿ ಉದ್ದ, 12 ಅಡಿ ಅಗಲದ ಒಂದು ಕೋಣೆಯಷ್ಟು ಜಾಗ! ಭುಜವನ್ನೇ ಇಮ್ಮಡಿ ಮಾಡಿದರೆ ನಷ್ಟ ಇನ್ನೂ ದೊಡ್ಡದು. 33 ಅಡಿಗೆ 33 ಅಡಿ ಸೇರಿಸಿದರೆ ಭುಜ 66 ಅಡಿಯಾಗುತ್ತದೆ. ಇಂಗ್ಲೆಂಡಿನ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞನ ಹೆಸರಿನಿಂದ ಪ್ರಸಿದ್ಧವಾದ ಮೋಜಣಿ ಸರಪಳಿಯ ಉದ್ದವೂ ಇಷ್ಟೇ. ಅಂಥ ಚೌಕದ ವಿಸ್ತೀರ್ಣ 4 ಗುಂಟೆ. ಮಧ್ಯಪದವನ್ನು ಬಿಟ್ಟವನು 1 + 1 ಎಂದು ಎಣಿಸಿ 2 ಗುಂಟೆ ಎಂದಾನು. ಉತ್ತರಪತ್ರಿಕೆಯಲ್ಲಿ ಈ ತಪ್ಪಿಗೆ ಒಂದೆರಡು ಅಂಕ ಹೋಗಬಹುದು. ಕ್ರಯಪತ್ರದಲ್ಲಾದರೆ ಅರ್ಧ ಹೊಲವೇ ಹೋದಂತೆ.

ಮಳಖೇಡದ ಮಹಾವೀರಾಚಾರ್ಯ

ಈ ಸೂತ್ರದ ಚರಿತ್ರೆಗೂ ನಮ್ಮ ನೆಲಕ್ಕೂ ಹತ್ತಿರದ ಸಂಬಂಧವುಂಟು. ಹುಮನಾಬಾದಿನಿಂದ ದಕ್ಷಿಣಕ್ಕೆ ಹೊರಟು ಕಲಬುರಗಿಯನ್ನು ದಾಟಿ ಸೇಡಂ ಕಡೆಗೆ ನಡೆದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ ಎಂಬ ಊರು ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇದೇ. 9ನೆಯ ಶತಮಾನದಲ್ಲಿ ಆರು ದಶಕಗಳಿಗೂ ಹೆಚ್ಚು ಕಾಲ ಆಳಿದ ಅಮೋಘವರ್ಷ ನೃಪತುಂಗನ ಹೆಸರನ್ನು ಕವಿರಾಜಮಾರ್ಗದ ಮೂಲಕ ಕನ್ನಡಿಗರೆಲ್ಲರೂ ಬಲ್ಲರು. ಆದರೆ ಅದೇ ಅರಸನನ್ನು ತನ್ನ ಗ್ರಂಥದ ಆರಂಭದಲ್ಲಿ ಕೊಂಡಾಡಿದ ಗಣಿತಜ್ಞನೊಬ್ಬನಿದ್ದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವನೇ ಜೈನ ವಿದ್ವಾಂಸನಾದ ಮಹಾವೀರಾಚಾರ್ಯ. ಸುಮಾರು 850ರಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ಗ್ರಂಥ ಗಣಿತಸಾರಸಂಗ್ರಹ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಪ್ರಕಟಿಸಿದಾಗ ಹೊರಜಗತ್ತಿಗೆ ಇದರ ಪರಿಚಯವಾಯಿತು. ಆ ಮುದ್ರಣಕ್ಕೆ ನೆರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದುವು.

ವರ್ಗ ಮಾಡುವುದಕ್ಕೆ ಮಹಾವೀರಾಚಾರ್ಯನು ಒಂದಲ್ಲ, ಹಲವು ಮಾರ್ಗಗಳನ್ನು ಹೇಳಿದ್ದಾನೆ. ಮೊದಲನೆಯದು ಎಲ್ಲರಿಗೂ ತಿಳಿದುದೇ: ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು. ಎರಡನೆಯದು, ಇಷ್ಟಬಂದ ಒಂದು ಸಂಖ್ಯೆಯನ್ನು ಕೊಟ್ಟ ಸಂಖ್ಯೆಯಿಂದ ಕಳೆದು, ಮತ್ತೆ ಕೂಡಿಸಿ, ಬಂದ ಎರಡು ಫಲಗಳನ್ನೂ ಗುಣಿಸಿ, ಇಷ್ಟಸಂಖ್ಯೆಯ ವರ್ಗವನ್ನು ಸೇರಿಸುವುದು. ಮೂರನೆಯದು, 1ರಿಂದ ಮೊದಲುಗೊಂಡು ಬೆಸಸಂಖ್ಯೆಗಳನ್ನು ಬೇಕಾದಷ್ಟು ಪದಗಳವರೆಗೆ ಕೂಡಿಸುವುದು: 1 + 3 + 5 + 7 ಎಂಬ ನಾಲ್ಕು ಪದಗಳ ಮೊತ್ತ 16, ಅದೇ 4ರ ವರ್ಗ. ಇವುಗಳ ಬಳಿಕ ನಮ್ಮ ಸೂತ್ರ ಬರುತ್ತದೆ: ಹಲವು ಸ್ಥಾನಗಳುಳ್ಳ ಸಂಖ್ಯೆಯ ವರ್ಗವೆಂದರೆ, ಆಯಾ ಸ್ಥಾನದ ಬೆಲೆಗಳ ವರ್ಗಗಳ ಮೊತ್ತಕ್ಕೆ, ಅವುಗಳನ್ನು ಎರಡೆರಡಾಗಿ ತೆಗೆದುಕೊಂಡು ಮಾಡಿದ ಗುಣಲಬ್ಧಗಳ ಇಮ್ಮಡಿಯನ್ನು ಸೇರಿಸಿದುದು. ಇಲ್ಲಿ ಪದಗಳು ಎರಡೇ ಇರಬೇಕೆಂಬ ನಿರ್ಬಂಧವೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಉದಾಹರಣೆಗೆ 256ನ್ನು 200 + 50 + 6 ಎಂದು ಒಡೆಯೋಣ. ವರ್ಗಗಳ ಮೊತ್ತ 40,000 + 2,500 + 36, ಅಂದರೆ 42,536. ಎರಡೆರಡರ ಗುಣಲಬ್ಧಗಳು 10,000, 1,200 ಮತ್ತು 300. ಇವುಗಳ ಮೊತ್ತ 11,500, ಅದರ ಇಮ್ಮಡಿ 23,000. ಕೂಡಿಸಿದರೆ 65,536. ಉತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪಾಲು ಮಧ್ಯಪದಗಳಿಂದಲೇ ಬಂದಿತಲ್ಲವೆ?

ಮುಂದೆ 11ನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ ಸಾಗಿಸಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ಅದೇ ಶತಮಾನದಲ್ಲಿ, 1150ರಲ್ಲಿ, ಸಹ್ಯಾದ್ರಿಯ ಆಸರೆಯಲ್ಲಿದ್ದ ಊರಿನವನಾದ ಭಾಸ್ಕರಾಚಾರ್ಯನು ಲೀಲಾವತಿಯನ್ನು ರಚಿಸಿದನು. ಸಂಖ್ಯೆಯನ್ನು ಎರಡು ಖಂಡಗಳಾಗಿ ಮಾಡಿ, ಅವುಗಳ ಗುಣಲಬ್ಧವನ್ನು ಇಮ್ಮಡಿಸಿ, ಖಂಡಗಳ ವರ್ಗಗಳ ಮೊತ್ತಕ್ಕೆ ಸೇರಿಸಬೇಕೆಂದು ಅವನೂ ಹೇಳುತ್ತಾನೆ. ಅಭ್ಯಾಸಕ್ಕೆಂದು ಅವನು ಕೊಡುವ ಸಂಖ್ಯೆಗಳು 9, 14, 297 ಮತ್ತು 10,005. ಇವುಗಳಲ್ಲಿ 297ನ್ನು ಅವನು ‘ಮೂರು ಕಡಮೆಯಾದ ಮುನ್ನೂರು’ ಎಂದೇ ಕೇಳುವುದರಲ್ಲಿ ಗುರುವಿನ ಜಾಣ್ಮೆ ಕಾಣುತ್ತದೆ. ವಿಧಾನದ ಸೂಚನೆ ಪ್ರಶ್ನೆಯೊಳಗೇ ಅಡಗಿದೆ!

(300 − 3)² = 90,000 − 1,800 + 9 = 88,209

ಕಳೆಯುವ ದ್ವಿಪದದಲ್ಲಿ ಕೊನೆಯ ಪದಕ್ಕೆ ಕೂಡುವ ಚಿಹ್ನೆಯೇಕೆ ಎಂದು ಹಲವರು ಕೇಳುವುದುಂಟು. 300 ಭುಜದ ಚೌಕದ ಎರಡು ಮಗ್ಗುಲುಗಳಿಂದ 3 ಅಗಲದ ಪಟ್ಟಿಗಳನ್ನು ಕಳೆಯುವಾಗ, ಪಟ್ಟಿಗಳು ಒಂದರ ಮೇಲೊಂದು ಬೀಳುವ ಮೂಲೆಯ ಪುಟ್ಟ ಚೌಕವನ್ನು ಎರಡು ಸಲ ಕಳೆದಂತಾಗುತ್ತದೆ. ಹೆಚ್ಚಾಗಿ ಕಳೆದ ಒಂದು ಸಲವನ್ನು ಹಿಂದಿರುಗಿಸುವುದೇ ಆ ಕೂಡುವ ಚಿಹ್ನೆಯ ಕೆಲಸ. ಮಹಾವೀರನ ಎರಡನೆಯ ಮಾರ್ಗದಿಂದಲೂ ಇದನ್ನು ತಾಳೆ ನೋಡಬಹುದು: 294 × 300 = 88,200; ಅದಕ್ಕೆ 9 ಸೇರಿಸಿದರೆ ಅದೇ 88,209.

ವರ್ಗದಿಂದ ವರ್ಗಮೂಲಕ್ಕೆ

ಶಾಲೆಯಲ್ಲಿ ಕಲಿಸುವ ವರ್ಗಮೂಲದ ವಿಧಾನದಲ್ಲಿ, ಬಂದ ಮೂಲವನ್ನು ಇಮ್ಮಡಿ ಮಾಡಿ ಭಾಗಿಸಬೇಕೆಂಬ ನಿಯಮವೊಂದಿದೆ. ಏಕೆ ಇಮ್ಮಡಿ? ಉತ್ತರ ನಮ್ಮ ಮಧ್ಯಪದದಲ್ಲಿದೆ. 499ರಲ್ಲಿ ರಚಿತವಾದ ಆರ್ಯಭಟೀಯದ ವಿಧಾನವನ್ನು ಅನುಸರಿಸಿ 2,209ರ ಮೂಲವನ್ನು ತೆಗೆಯೋಣ. ಮೊದಲ ಜೋಡಿ 22. ಅದರೊಳಗಿನ ಅತಿ ದೊಡ್ಡ ವರ್ಗ 16, ಮೂಲ 4. ಉಳಿದ 6ರ ಮುಂದೆ 0 ಇಳಿಸಿದರೆ 60. ಇದನ್ನು 4ರ ಇಮ್ಮಡಿಯಾದ 8ರಿಂದ ಭಾಗಿಸಿದರೆ ಭಾಗಲಬ್ಧ 7, ಶೇಷ 4. ಅದರ ಮುಂದೆ 9 ಇಳಿಸಿದರೆ 49. ಅದರಿಂದ 7ರ ವರ್ಗವನ್ನು ಕಳೆದರೆ ಏನೂ ಉಳಿಯುವುದಿಲ್ಲ. ಆದುದರಿಂದ ಮೂಲ 47.

ನಡೆದುದೇನು? (40 + 7)² ಎಂಬುದನ್ನು ಕಟ್ಟಿದ ಕ್ರಮದಲ್ಲಿಯೇ ನಾವು ಕಳಚಿದೆವು. ಮೊದಲು 1,600, ಆಮೇಲೆ 2 × 40 × 7 ಆದ 560, ಕೊನೆಗೆ 49. ಕಾರಣ ತಿಳಿಯದೆ ಈ ವಿಧಾನವನ್ನು ಉರುಹೊಡೆದವನು ಕೆಲವೇ ತಿಂಗಳುಗಳಲ್ಲಿ ಅದನ್ನು ಮರೆಯುತ್ತಾನೆ. ಮಧ್ಯಪದವನ್ನು ತಿಳಿದವನು ಮರೆತರೂ ಮತ್ತೆ ತಾನೇ ಕಟ್ಟಿಕೊಳ್ಳಬಲ್ಲನು.

ಕಾದ ಕಬ್ಬಿಣದ ತಗಡು

ಗಣಿತದಿಂದ ಭೌತವಿಜ್ಞಾನಕ್ಕೆ ಬರೋಣ. ಲೋಹಗಳು ಕಾದಾಗ ಹಿಗ್ಗುತ್ತವೆ. ಕಬ್ಬಿಣವು ಒಂದು ಡಿಗ್ರಿ ಸೆಂಟಿಗ್ರೇಡು ಕಾದರೆ ಅದರ ಉದ್ದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹೆಚ್ಚುತ್ತದೆ. ಒಂದು ಮೀಟರ್ ಭುಜದ ಚೌಕಾಕಾರದ ತಗಡನ್ನು ನಮ್ಮ ಬೇಸಗೆಯ ಬಿಸಿಲಿನಲ್ಲಿ ಇಟ್ಟಾಗ ಅದರ ಉಷ್ಣತೆ 40 ಡಿಗ್ರಿ ಏರಿತೆಂದುಕೊಳ್ಳಿರಿ. ಆಗ ಭುಜ 1 ಮೀಟರಿನಿಂದ 1.00048 ಮೀಟರಿಗೆ ಬೆಳೆಯುತ್ತದೆ. ವಿಸ್ತೀರ್ಣವೆಷ್ಟು ಹೆಚ್ಚಿತು?

ಮೊದಲಿನ ವಿಸ್ತೀರ್ಣ 10,000 ಚದರ ಸೆಂಟಿಮೀಟರ್. ಎರಡು ಮಗ್ಗುಲಿನ ಪಟ್ಟಿಗಳಿಂದ ಬಂದ ಹೆಚ್ಚಳ 9.6 ಚದರ ಸೆಂಟಿಮೀಟರ್. ಮೂಲೆಯ ಚೌಕದಿಂದ ಬಂದುದು ಕೇವಲ 0.0023 ಚದರ ಸೆಂಟಿಮೀಟರ್, ಎಂದರೆ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲದಷ್ಟು ಅಲ್ಪ. ಕ್ಷೇತ್ರ ವ್ಯಾಕೋಚನ ಗುಣಾಂಕವು ರೇಖೀಯ ವ್ಯಾಕೋಚನ ಗುಣಾಂಕದ ಎರಡರಷ್ಟೆಂದು ಪಠ್ಯಪುಸ್ತಕಗಳು ಹೇಳುವುದು ಇದೇ ಕಾರಣದಿಂದ. ಆ ‘ಎರಡು’ ಎಂಬುದು ಮಧ್ಯಪದದ ಎರಡೇ.

ಇಲ್ಲಿ ಒಂದು ಸ್ವಾರಸ್ಯವಿದೆ. ಸೂತ್ರವನ್ನು ತಪ್ಪಾಗಿ ಬರೆಯುವ ವಿದ್ಯಾರ್ಥಿ ಮಧ್ಯಪದವನ್ನು ಬಿಟ್ಟು ಕೊನೆಯ ಪದವನ್ನು ಇಟ್ಟುಕೊಳ್ಳುತ್ತಾನೆ. ಪ್ರಕೃತಿಯಲ್ಲಿ ಬದಲಾವಣೆ ಅತ್ಯಲ್ಪವಾಗಿದ್ದಾಗ ನಾವು ಮಾಡಬೇಕಾದುದು ಇದಕ್ಕೆ ತೀರ ವಿರುದ್ಧ: ಕೊನೆಯ ಪದವನ್ನು ಬಿಟ್ಟು ಮಧ್ಯಪದವನ್ನು ಉಳಿಸಿಕೊಳ್ಳಬೇಕು. ಚಲನಕಲನದಲ್ಲಿ ಒಂದು ಪರಿಮಾಣದ ವರ್ಗವು ಬದಲಾಗುವ ದರ ಆ ಪರಿಮಾಣದ ಇಮ್ಮಡಿಯೆಂದು ಕಲಿಯುವಾಗ ನಾವು ಕಾಣುವುದು ಈ ಎರಡು ಪಟ್ಟಿಗಳನ್ನೇ.

ಮಧ್ಯಪದ ಮಾಯವಾಗುವುದು ಯಾವಾಗ?

ಹಾಗಾದರೆ ಅ² + ಬ² ಎಂಬುದಕ್ಕೆ ಎಲ್ಲಿಯೂ ಸ್ಥಾನವಿಲ್ಲವೆ? ಖಂಡಿತವಾಗಿ ಇದೆ. ಒಬ್ಬನು ಪೂರ್ವಕ್ಕೆ 4 ಮೈಲಿ ನಡೆದು ಮತ್ತೆ ಪೂರ್ವಕ್ಕೇ 3 ಮೈಲಿ ನಡೆದರೆ ಹೊರಟ ಸ್ಥಳದಿಂದ 7 ಮೈಲಿ ದೂರವಿರುತ್ತಾನೆ. 7ರ ವರ್ಗ 49. ಪೂರ್ವಕ್ಕೆ 4, ಹಿಂದಕ್ಕೆ ಪಶ್ಚಿಮಕ್ಕೆ 3 ನಡೆದರೆ ದೂರ 1, ವರ್ಗವೂ 1. ಆದರೆ ಪೂರ್ವಕ್ಕೆ 4 ನಡೆದು ಲಂಬವಾಗಿ ಉತ್ತರಕ್ಕೆ 3 ನಡೆದರೆ ದೂರ 5, ವರ್ಗ 25. ಇದು 16 ಮತ್ತು 9ರ ಮೊತ್ತ. ಮಧ್ಯಪದದ ಬೆಲೆ ಮೊದಲನೆಯ ಸಲ +24, ಎರಡನೆಯ ಸಲ −24, ಮೂರನೆಯ ಸಲ ಸೊನ್ನೆ. ಎರಡು ಸದಿಶಗಳ ಫಲಿತವನ್ನು ಕಂಡುಹಿಡಿಯುವ ನಿಯಮದಲ್ಲಿ 2ಅಬ ಎಂಬುದನ್ನು ಅವುಗಳ ನಡುವಣ ಕೋನದ ಕೊಸೈನಿನಿಂದ ಗುಣಿಸುತ್ತೇವಲ್ಲವೆ? ಆ ನಿಯಮ ಹೇಳುವುದು ಇಷ್ಟನ್ನೇ: ಎರಡೂ ಒಂದೇ ದಿಕ್ಕಿನಲ್ಲಿದ್ದರೆ ಮಧ್ಯಪದ ಪೂರ್ತಿಯಾಗಿ ಕೂಡುತ್ತದೆ, ಎದುರುಬದುರಾಗಿದ್ದರೆ ಪೂರ್ತಿಯಾಗಿ ಕಳೆಯುತ್ತದೆ, ಲಂಬಕೋನದಲ್ಲಿದ್ದರೆ ಇಲ್ಲವಾಗುತ್ತದೆ.

ಭಾಸ್ಕರನ ಹೆಸರಿನೊಡನೆ ಪ್ರಸಿದ್ಧವಾಗಿರುವ ಕರ್ಣಪ್ರಮೇಯದ ಸಾಧನೆಯೂ ಇದನ್ನೇ ಎತ್ತಿ ತೋರಿಸುತ್ತದೆ. ಅ ಮತ್ತು ಬ ಭುಜಗಳುಳ್ಳ ನಾಲ್ಕು ಲಂಬಕೋನ ತ್ರಿಕೋಣಗಳನ್ನು ಕರ್ಣದ ಮೇಲಿನ ಚೌಕದೊಳಗೆ ಜೋಡಿಸಿದರೆ ನಡುವೆ (ಅ − ಬ) ಭುಜದ ಚೌಕವೊಂದು ಉಳಿಯುತ್ತದೆ. ನಾಲ್ಕು ತ್ರಿಕೋಣಗಳ ಒಟ್ಟು ವಿಸ್ತೀರ್ಣ 2ಅಬ. ಕರ್ಣದ ವರ್ಗವೆಂದರೆ 2ಅಬ + (ಅ − ಬ)². ವಿಸ್ತರಿಸಿದಾಗ +2ಅಬ ಮತ್ತು −2ಅಬ ಒಂದನ್ನೊಂದು ನುಂಗಿ ಅ² + ಬ² ಉಳಿಯುತ್ತದೆ.

ಬೆಳಕಿಗೆ ಬೆಳಕು ಸೇರಿ ಕತ್ತಲೆ

ಮಧ್ಯಪದದ ಅತ್ಯಂತ ಬೆರಗಿನ ಲೀಲೆಯನ್ನು ಕಾಣಬೇಕಾದರೆ ಬೆಳಕಿನ ಬಳಿಗೆ ಹೋಗಬೇಕು. ಬೆಳಕು ಅಲೆಯ ರೂಪದಲ್ಲಿ ಹರಿಯುತ್ತದೆ. ಎರಡು ಅಲೆಗಳು ಸೇರಿದಾಗ ಕೂಡುವುದು ಅವುಗಳ ಪಾರಗಳು. ಕಣ್ಣಿಗೆ ಕಾಣುವ ತೀವ್ರತೆಯಾದರೋ ಪಾರದ ವರ್ಗವನ್ನು ಅವಲಂಬಿಸಿದೆ. ಆದುದರಿಂದ ಇಲ್ಲಿ ದ್ವಿಪದದ ವರ್ಗ ಬಾರದೆ ವಿಧಿಯಿಲ್ಲ. ಒಂದೇ ಮೂಲದಿಂದ ಹೊರಟ, 3 ಮತ್ತು 2 ಪಾರಗಳುಳ್ಳ ಎರಡು ಅಲೆಗಳು ತೆರೆಯೊಂದರ ಮೇಲೆ ಸೇರಲಿ. ಉಬ್ಬಿಗೆ ಉಬ್ಬು ಸೇರಿದ ಕಡೆ ತೀವ್ರತೆ (3 + 2)², ಅಂದರೆ 25. ಉಬ್ಬಿಗೆ ತಗ್ಗು ಸೇರಿದ ಕಡೆ (3 − 2)², ಅಂದರೆ 1. ಪಾರಗಳು ಸಮವಾಗಿದ್ದರೆ ಅಲ್ಲಿ ಪೂರ್ಣ ಕತ್ತಲೆಯೇ. ಇದನ್ನೇ ವ್ಯತಿಕರಣವೆನ್ನುತ್ತೇವೆ. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ಇದನ್ನು ತೋರಿಸಿಕೊಟ್ಟು ಬೆಳಕಿನ ಅಲೆಯ ಸ್ವರೂಪಕ್ಕೆ ಬಲವಾದ ಆಧಾರವನ್ನೊದಗಿಸಿದನು.

25 ಮತ್ತು 1ರ ಸರಾಸರಿ 13. ಅದು 9 ಮತ್ತು 4ರ ಮೊತ್ತವೇ. ಒಂದೆಡೆ ಕಡಮೆಯಾದ ಶಕ್ತಿ ಇನ್ನೊಂದೆಡೆ ಹೆಚ್ಚಿದೆಯೇ ಹೊರತು ನಾಶವಾಗಿಲ್ಲ. ಕೋಣೆಯಲ್ಲಿ ಎರಡು ದೀಪಗಳನ್ನು ಹೊತ್ತಿಸಿದಾಗ ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಕಾಣದಿರುವುದೇಕೆಂಬುದಕ್ಕೂ ಇದರಲ್ಲೇ ಉತ್ತರವಿದೆ. ಎರಡು ಬೇರೆಬೇರೆ ದೀಪಗಳ ಅಲೆಗಳಿಗೆ ಪರಸ್ಪರ ಹೊಂದಿಕೆಯಿಲ್ಲ. ಅವುಗಳ ಮಧ್ಯಪದ ಕ್ಷಣಕ್ಷಣಕ್ಕೂ ಧನವಾಗಿ, ಋಣವಾಗಿ ಬದಲಾಗುತ್ತ ಸರಾಸರಿಯಲ್ಲಿ ಸೊನ್ನೆಯಾಗುತ್ತದೆ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಪ್ರಯೋಗಶಾಲೆಯ ಎರಡು ಯಂತ್ರಗಳು ಗುರುತ್ವ ತರಂಗವನ್ನು ಮೊದಲ ಬಾರಿಗೆ ಗುರುತಿಸಿದುದು ಇದೇ ತತ್ತ್ವದ ಬಲದಿಂದ. ನಾಲ್ಕು ಕಿಲೋಮೀಟರ್ ಉದ್ದದ ಎರಡು ಲಂಬ ತೋಳುಗಳಲ್ಲಿ ಬೆಳಕನ್ನು ಓಡಿಸಿ, ಮರಳಿ ಬಂದ ಅಲೆಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸುವಂತೆ ಅಲ್ಲಿ ಏರ್ಪಡಿಸಲಾಗಿದೆ. ತೋಳಿನ ಉದ್ದ ಪ್ರೋಟಾನಿನ ವ್ಯಾಸದ ನೂರರಲ್ಲಿ ಒಂದು ಪಾಲಿಗಿಂತ ಕಡಮೆ ಬದಲಾದರೂ ಮಧ್ಯಪದ ಕದಲುತ್ತದೆ, ಬೆಳಕು ಇಣುಕುತ್ತದೆ. ಇಂಥದೇ ಒಂದು ವೀಕ್ಷಣಾಲಯವನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಸ್ಥಾಪಿಸಲು 2023ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಅನುಮೋದನೆ ನೀಡಿತು. ಬೀದರ ಜಿಲ್ಲೆಯ ಗಡಿಯಾಚೆಗಿನ ನಾಂದೇಡ ಜಿಲ್ಲೆಯನ್ನು ದಾಟಿದರೆ ಹಿಂಗೋಲಿಯೇ. ದಕ್ಷಿಣಕ್ಕೆ ಮಹಾವೀರಾಚಾರ್ಯನ ಮಳಖೇಡ, ಉತ್ತರಕ್ಕೆ ಲೈಗೋ. ನಡುವೆ ನಮ್ಮ ಹುಮನಾಬಾದಿನ ವಿದ್ಯಾರ್ಥಿ ಕುಳಿತು ಸೂತ್ರವನ್ನು ಬಿಡಿಸುತ್ತಿದ್ದಾನೆ. ಅವನು ಮಧ್ಯಪದವನ್ನು ಬಿಟ್ಟುಬಿಟ್ಟರೆ ಆ ಎರಡು ಕಡೆಯ ಜ್ಞಾನಕ್ಕೂ ಬಾಗಿಲು ಹಾಕಿಕೊಂಡಂತೆ.

ಸ್ವತಃ ಮಾಡಿ ನೋಡಿರಿ

ಓದಿದುದನ್ನು ಕೈಯಾರೆ ಪರೀಕ್ಷಿಸದೆ ಗಣಿತ ಒಲಿಯುವುದಿಲ್ಲ. ಒಂದು ಚೌಕಾಕಾರದ ಕಾಗದವನ್ನು ತೆಗೆದುಕೊಂಡು, ಒಂದು ಅಂಚಿಗೆ ಸಮಾನಾಂತರವಾಗಿ ಮಡಿಸಿ, ಅಷ್ಟೇ ಅಗಲಕ್ಕೆ ಪಕ್ಕದ ಅಂಚಿನಿಂದಲೂ ಮಡಿಸಿರಿ. ಬಿಚ್ಚಿದಾಗ ಕಾಣುವ ನಾಲ್ಕು ಭಾಗಗಳೇ ಸೂತ್ರದ ಚಿತ್ರ. ಅನಂತರ 5ರಲ್ಲಿ ಕೊನೆಗಾಣುವ ಸಂಖ್ಯೆಗಳನ್ನು ವರ್ಗಮಾಡಿ ನೋಡಿರಿ: 75ಕ್ಕೆ 7 ಮತ್ತು ಅದರ ಮುಂದಿನ 8ನ್ನು ಗುಣಿಸಿ, ಬಂದ 56ರ ಮುಂದೆ 25 ಬರೆದರೆ 5,625 ಸಿದ್ಧ. ಈ ಉಪಾಯ ಎಲ್ಲ ಸಂಖ್ಯೆಗಳಿಗೂ ನಡೆಯುವುದೇಕೆ? 70 ಮತ್ತು 5ರ ಮಧ್ಯಪದವನ್ನು ಬರೆದರೆ ಗುಟ್ಟು ತಾನಾಗಿ ಹೊರಬೀಳುತ್ತದೆ.

ಇಷ್ಟಕ್ಕೇ ತೃಪ್ತರಾಗದವರು ಜೇಡಿಮಣ್ಣಿನ ಒಂದು ಘನವನ್ನು ಮಾಡಿ, ಮೂರು ದಿಕ್ಕುಗಳಿಂದಲೂ ಒಂದೇ ಅಳತೆಯಲ್ಲಿ ಕೊಯ್ದು ನೋಡಲಿ. ಎಂಟು ತುಂಡುಗಳು ದೊರೆಯುತ್ತವೆ. ಅವುಗಳಲ್ಲಿ ಯಾವ ಯಾವ ಆಕಾರದವು ಎಷ್ಟೆಷ್ಟಿವೆಯೆಂದು ಎಣಿಸಿದವರಿಗೆ ದ್ವಿಪದದ ಘನದ ಸೂತ್ರ ಪುಸ್ತಕದ ಸಹಾಯವಿಲ್ಲದೆಯೇ ಕೈಗೆ ಸಿಗುವುದು.